ಬಾನೆಟ್ಟಿನೊಳಗೆ ಬುಸ್ಸೆಂದದ್ದು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ನಿರ್ವಾತದ ಪಾಠವೆಂದರೆ ನನಗೆ ಹಬ್ಬ. ಮ್ಯಾಗ್ಡೆಬರ್ಗ್ ಎಂಬ ಜರ್ಮನ್ ಊರಿನ ಮೇಯರ್ ಆಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ಲೋಹದ ಅರ್ಧಗೋಲಗಳನ್ನು ಬಾಯಿಗೆ ಬಾಯಿ ಜೋಡಿಸಿದ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿದ, ಎರಡೂ ಬದಿಗೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಗೋಲ ಬಿಡಲಿಲ್ಲ. ನಮ್ಮ ಹೆಮ್ಮಾಡಿ ಮಕ್ಕಳು ಒಂದು ಕುದುರೆಯನ್ನೂ ನೆಟ್ಟಗೆ ಕಂಡವರಲ್ಲವಾದ್ದರಿಂದ ನಾನು ಕುದುರೆ ಬಿಚ್ಚಿ ಆ ಜಾಗಕ್ಕೆ ಕಂಬಳದ ಕೋಣ ಕಟ್ಟುತ್ತಿದ್ದೆ. ಕ್ಲಾಸಿಗೆ ಕ್ಲಾಸೇ ಕೂಗು ಹಾಕುತ್ತಿತ್ತು. "ಹದಿನಾರು ಕೋಣಕ್ಕೂ ಬಗ್ಗದೆ ಹಿಡ್ಕೊಂಡದ್ದು ಯಾವುದು?" ಎಂದರೆ ಕೊನೇ ಬೆಂಚಿನವನೂ "ಹೊರಗಿನ ಗಾಳಿ ಸರ್" ಎನ್ನುತ್ತಿದ್ದ.

ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಯಾಕೆಂದರೆ, ಅದೇ ನಿರ್ವಾತ ನನ್ನ ಮನೆಯಂಗಳದಲ್ಲಿ ಒಮ್ಮೆ ಬುಸ್ ಎಂದಾಗ ನಾನು ಒಂದು ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು ಹಾರಿ ಜಗಲಿ ಹತ್ತಿದ್ದೆ.

ಕಾರು ಅಪ್ಪಯ್ಯನದು. ಹಂಚಿನ ಕಾರ್ಖಾನೆಯಲ್ಲಿ ರೈಟರಾಗಿದ್ದವರು 1998ರಲ್ಲಿ ನಿವೃತ್ತರಾದಾಗ ಬಂದ ಗಂಟನ್ನು ಬ್ಯಾಂಕಿಗೆ ಹಾಕದೆ ಬಿಳಿ ಮಾರುತಿ 800 ತಂದರು. ಕಾರ್ಬುರೇಟರ್ ಕಾಲದ್ದು, ಬೆಳಗ್ಗೆ ಚೋಕ್ ಎಳೆದು ಪುಸಲಾಯಿಸಬೇಕಾದದ್ದು. ಅವರು ಹೋದದ್ದು 2013ರಲ್ಲಿ. ಮರುವರ್ಷ ಜನವರಿಯಲ್ಲಿ ಕಂಪನಿಯವರು 800 ಮಾಡುವುದನ್ನೇ ನಿಲ್ಲಿಸಿದರು. ಎರಡಕ್ಕೂ ಸಂಬಂಧವಿದೆ ಎಂದು ನಮ್ಮ ಅಬ್ಬಿ, ಅಂದರೆ ಅಮ್ಮ, ಈಗಲೂ ನಂಬಿದ್ದಾರೆ.

ಮಕರ ಸಂಕ್ರಮಣದ ಬೆಳಗ್ಗೆ. ಈ ಊರಿನವರಿಗೆ ಹೆಚ್ಚು ಹೇಳಬೇಕಿಲ್ಲ: ಮಾರಣಕಟ್ಟೆ ಜಾತ್ರೆ, ಬ್ರಹ್ಮಲಿಂಗೇಶ್ವರನಿಗೆ ಹೆಮ್ಮಾಡಿ ಸೇವಂತಿಗೆ. ವರ್ಷವಿಡೀ ಸುಮ್ಮನಿದ್ದು ಅದೇ ವಾರಕ್ಕೆ ಸರಿಯಾಗಿ ಅರಳುವ ಆ ಹೂವಿಗಿರುವ ಸಮಯಪ್ರಜ್ಞೆ ನನ್ನ ಕಾರಿಗಿಲ್ಲ. ಹೂವಿನ ಬುಟ್ಟಿ ಹಿಂದಿನ ಸೀಟಿನಲ್ಲಿಟ್ಟು ಕೀ ತಿರುಗಿಸಿದೆ. ಎಂಜಿನು ಹತ್ತಿಕೊಂಡಿತು. ಆದರೆ ನೆಟ್ಟಗೆ ಓಡದೆ ಒಮ್ಮೆ ಏರಿ ಒಮ್ಮೆ ಇಳಿದು, ಯಕ್ಷಗಾನದ ರಾಕ್ಷಸ ಪರದೆಯ ಹಿಂದೆ ನಿಂತು ಹೂಂಕರಿಸಿದ ಹಾಗೆ. ಅದರ ಅಡಿಯಿಂದ ಮತ್ತೊಂದು ಸ್ವರ: ಸ್ಸ್ಸ್ಸ್...

ಎಂಬತ್ತನಾಲ್ಕರ ಅಬ್ಬಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಜಗಲಿಯಿಂದಲೇ ಕೂಗಿದರು. "ಏ ಮಾಣಿ, ಇಳಿ ಇಳಿ! ಗಾಡಿ ಒಳ್ಗೆ ದೇವ್ರ್ ಹಾವ್ ಇತ್ತ್!"

ಆ ಕ್ಷಣದಲ್ಲಿ ಗೆರಿಕೆ, ಕುದುರೆ, ಕೋಣ ಎಲ್ಲ ಎತ್ತ ಹೋದವೋ. ನಾನು ಇಳಿಯಲಿಲ್ಲ, ಹಾರಿದೆ. ಎಂಜಿನು ಓಡುತ್ತಲೇ ಇತ್ತು, ಕೀ ಅಲ್ಲೇ ನೇತಾಡುತ್ತಿತ್ತು, ಬಾಗಿಲು ತೆರೆದೇ ಇತ್ತು. ನೂರು ರೂಪಾಯಿ ದಾಟಿದ ಪೆಟ್ರೋಲನ್ನು ಕುಡಿಯುತ್ತ ಬಾನೆಟ್ಟಿನೊಳಗಿನ ನಾಗಪ್ಪ ಬುಸುಗುಡುತ್ತಿದ್ದ.

ಮುಂದಿನ ಮುಕ್ಕಾಲು ಗಂಟೆಯನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಬಾರದೆಂದಿದ್ದೆ. ಈಗ ಬರೆಯುತ್ತಿದ್ದೇನೆ.

ಮೊದಲು ಬಂದವರು ಆಚೆ ಮನೆಯವರು. ಕಿವಿಗೊಟ್ಟು ಕೇಳಿ, "ನಾಗ್ರೇ ಸೈ, ಅನ್ಮಾನ ಇಲ್ಲೆ" ಎಂದರು. ಅವರ ಹಿಂದೆ ಬಂದವರೊಬ್ಬರು ಇದು ಕೊಳಕುಮಂಡಲ, ನಾಗರ ಇಷ್ಟು ಹೊತ್ತು ಉಸಿರು ಹಿಡಿಯುವುದಿಲ್ಲ ಎಂದು ತಕರಾರು ತೆಗೆದರು. ಜಾಲಾಡಿಯಿಂದ ಹಾಲಿಗೆ ಬಂದವರು ತ್ರಾಸಿ ಬದಿಯಲ್ಲಿ ಯಾರದೋ ಜೀಪಿನಡಿ ಹೆಬ್ಬಾವು ಸಿಕ್ಕಿದ ಕಥೆಯನ್ನು ಮೊದಲಿಂದ ಶುರುಮಾಡಿದರು. ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿರಬೇಕು, ಇಲಿಗೆ ಹಾವು ಬಂದಿರಬೇಕು ಎಂದು ಒಬ್ಬರು ಹೇಳಿದಾಗ "ಆಹಾರ ಸರಪಳಿ" ಎಂದು ತಲೆಯಾಡಿಸಿದವನು ನಾನೇ. ಅಷ್ಟರಮಟ್ಟಿಗೆ ವಿಜ್ಞಾನ ಉಳಿದಿತ್ತು.

ಎಂಜಿನಿನ ಸದ್ದು ಏರಿದಾಗ ಬುಸುಗುಟ್ಟುವುದೂ ಬದಲಾಗುತ್ತಿತ್ತು. "ಸಿಟ್ ಬಂತ್ ಕಾಣಿ" ಎಂದು ಎಲ್ಲರೂ ಒಂದು ಹೆಜ್ಜೆ ಹಿಂದೆ. ಇಳಿದಾಗ "ಸಮಾಧಾನ ಆಯ್ತ್" ಎಂದು ಒಂದು ಹೆಜ್ಜೆ ಮುಂದೆ. ಹೀಗೆ ಹದಿನೈದು ಜನ ನನ್ನ ಅಂಗಳದಲ್ಲಿ ಕಾರಿನ ತಾಳಕ್ಕೆ ಹೆಜ್ಜೆ ಹಾಕಿದರು. ಚೆಂಡೆಯೊಂದು ಇರಲಿಲ್ಲ.

ಅಬ್ಬಿ ಬಟ್ಟಲಲ್ಲಿ ಹಾಲು ತಂದು, ಮೊಮ್ಮಗಳ ಕೈ ಹಿಡಿದು ಬಂದು, ಮುಂದಿನ ಚಕ್ರದ ಪಕ್ಕ ಇಟ್ಟರು. ಚಿಟಿಕೆ ಅರಿಶಿನ ಹಾಕಿದರು. ಕೈ ಮುಗಿದು, ನಾಗಬನದ ಕಟ್ಟೆಗೆ ಸುಣ್ಣ ಬಳಿಯದೆ ನಾಲ್ಕು ವರ್ಷವಾಯಿತೆಂದೂ, ತಪ್ಪು ಮಗನದೆಂದೂ, ಬರುವ ನಾಗರಪಂಚಮಿಗೆ ತನು ಎರೆಸುವುದು ತನ್ನ ಜವಾಬ್ದಾರಿಯೆಂದೂ ಬಾನೆಟ್ಟಿಗೆ ಹೇಳಿಕೊಂಡರು. ಬಾನೆಟ್ಟು ಸ್ಸ್ಸ್ ಎಂದಿತು. "ಒಪ್ಕಂಡ್ತ್" ಎಂದರು ಅಬ್ಬಿ.

ಮೊಬೈಲು ಹಿಡಿದು ಬಂದ ಹುಡುಗರ ಮೇಲೆ ಮಾತ್ರ ನನ್ನ ಕೋಪ ಇನ್ನೂ ಇಳಿದಿಲ್ಲ. ಒಬ್ಬನಿಗಾದರೂ ಹಾವು ಕಂಡಿರಲಿಲ್ಲ. ಆದರೂ ಕಂಡದ್ದನ್ನೆಲ್ಲ, ಅಂದರೆ ಒಂದು ಕಾರು, ಒಂದು ಬಟ್ಟಲು ಮತ್ತು ಒಂದೇ ಚಪ್ಪಲಿಯ ಒಬ್ಬ ನಿವೃತ್ತ ಶಿಕ್ಷಕನನ್ನು ವಿಡಿಯೋ ಮಾಡಿ ಹರಿಯಬಿಟ್ಟರು. ಹಾವು ಹಿಡಿಯುವವನು ಬರುವ ಮೊದಲೇ ಬೆಂಗಳೂರಿನಿಂದ ನನ್ನ ತಮ್ಮನ ಫೋನು ಬಂತು. ಕಚ್ಚಿತೋ ಎಂದು ಕೇಳಲಿಲ್ಲ ಅವನು. ನಾಗದರ್ಶನ ಯಾವಾಗ ಇಟ್ಟುಕೊಂಡಿದ್ದೀರಿ, ಮೊದಲೇ ಹೇಳಿದರೆ ರಜೆ ಹಾಕುತ್ತೇನೆ ಎಂದ.

ಕೊನೆಗೆ ಹಾವು ಹಿಡಿಯುವವನು ಬಂದ. ಹೊಟ್ಟೆಪಾಡಿಗೆ ಆಟೋ, ಪುಣ್ಯಕ್ಕೆ ಹಾವು. ಕೊಕ್ಕೆಯ ಕೋಲು ಹಿಡಿದು "ಎಲ್ಲ ಆಚಿಗ್ ಹೋಯ್ನಿ" ಎಂದ. ಹೋದೆವು. ಕೋಲಿನ ತುದಿಯಿಂದ ಬಾನೆಟ್ಟು ಎತ್ತಿದ, ಬಗ್ಗಿದ, ಬ್ಯಾಟರಿಯ ಹಿಂದೆ ನೋಡಿದ, ಏರ್ ಫಿಲ್ಟರಿನ ಕೆಳಗೆ ಟಾರ್ಚು ಬಿಟ್ಟ. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದ. ಬಾಗಿಲಿನೊಳಗೆ ಕೈ ಹಾಕಿ ಕೀ ತಿರುಗಿಸಿ ಎಂಜಿನು ಬಂದ್ ಮಾಡಿದ.

ಬುಸುಗುಟ್ಟುವುದು ನಿಂತಿತು.

"ಹೋಯ್ತಾ?" ಎಂದರು ಒಬ್ಬರು. "ಮನಿಕಂತ್" ಎಂದರು ಇನ್ನೊಬ್ಬರು.

ಸ್ಟಾರ್ಟ್ ಮಾಡಿದ. ಸ್ಸ್ಸ್. ಬಂದ್. ಮೌನ. ಸ್ಟಾರ್ಟ್. ಸ್ಸ್ಸ್. ನಾಲ್ಕು ಸಲ ಹೀಗೆ ಮಾಡಿ ನನ್ನ ಕಡೆ ತಿರುಗಿದ. "ಮಾಷ್ಟ್ರೇ, ಕೀ ತಿರ್ಗ್ಸಿರೆ ಸುಮ್ನಾಪು ಹಾವ್ ನಾ ಎಲ್ಲೂ ಕಂಡಿಲ್ಲೆ." ಕಾರ್ಬುರೇಟರಿನ ಕೆಳಗೆ ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪಿನ ಬಿರುಕಿನ ಮೇಲೆ ಹೆಬ್ಬೆರಳು ಒತ್ತಿದ. ಸದ್ದು ಅಡಗಿತು. ಎಂಜಿನು, ಇಡೀ ಬೆಳಗ್ಗೆ ಮೊದಲ ಬಾರಿಗೆ, ಸಾವಕಾಶವಾಗಿ ಉಸಿರಾಡಿತು. "ವ್ಯಾಕ್ಯೂಮ್ ಪೈಪ್ ಒಡ್ದಿತ್. ಹೊರ್ಗಿನ್ ಗಾಳಿ ಒಳ್ಗ್ ಎಳೀತಾ ಇತ್ತ್, ಅಷ್ಟೇ."

ಹೊರಗಿನ ಗಾಳಿ. ಆಗ ಅವನ ಮುಖ ಗುರುತು ಹತ್ತಿತು. ಹತ್ತನೇ ಕ್ಲಾಸು, ಬಿ ಸೆಕ್ಷನ್, ಕಿಟಕಿ ಬದಿ. ವಿಜ್ಞಾನದ ಪ್ರಿಪರೇಟರಿಯಲ್ಲಿ ನೂರಕ್ಕೆ ಮೂವತ್ತಾರು ಕೊಟ್ಟಿದ್ದೆ. ಅದರಲ್ಲೂ ಎರಡು ನನ್ನ ದಾನ. ಕೋಲು ಆಟೋದೊಳಗೆ ಇಡುತ್ತ ಅವನು ಸಣ್ಣಗೆ ಕೇಳಿದ: "ಹದ್ನಾರ್ ಕೋಣ ಅಲ್ದಾ ಸರ್?"

ಹೂವು, ಅಬ್ಬಿ ಮತ್ತು ಮೊಮ್ಮಗಳು ಅವನ ಆಟೋದಲ್ಲೇ ಮಾರಣಕಟ್ಟೆಗೆ ಹೋದರು. ಬಾಡಿಗೆ ತೆಗೆದುಕೊಳ್ಳಲಿಲ್ಲ. ನಾನು ಮನೆಯಲ್ಲಿ ಉಳಿದೆ.

ಇಂಥ ಅವಮಾನವಾದ ಮೇಲೆ ಮರ್ಯಾದಸ್ಥನೊಬ್ಬ ಗಾಡಿಯನ್ನು ತಲ್ಲೂರಿನ ಗ್ಯಾರೇಜಿಗೆ ತಳ್ಳಿಸಿಕೊಂಡು ಹೋಗುತ್ತಾನೆ. ನಾನು ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಸಿದ್ಧಾಂತವಂತೂ ನನಗೆ ಬಾಯಿಪಾಠ. ಪಿಸ್ಟನ್ನು ಕೆಳಗಿಳಿದು ಗಾಳಿ ಎಳೆಯುತ್ತದೆ. ಐಡಲಿನಲ್ಲಿ ಥ್ರಾಟಲ್ಲಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಗಾಳಿ ಬೇಕಾದಷ್ಟು ಸಿಗದೆ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕುಸಿಯುತ್ತದೆ. ಆ ಎಳೆತವನ್ನೇ ಸಣ್ಣ ಪೈಪುಗಳಲ್ಲಿ ಹಂಚಿ ಎಂಜಿನು ಕೆಲಸ ಮಾಡಿಸಿಕೊಳ್ಳುತ್ತದೆ. ಒಂದು ಪೈಪು ಡಿಸ್ಟ್ರಿಬ್ಯೂಟರಿನ ಪೊರೆಯನ್ನು ಎಳೆದು ಕಿಡಿ ತುಸು ಮುಂಚೆ ಹಾರುವಂತೆ ಮಾಡುತ್ತದೆ. ಬೂಸ್ಟರ್ ಇರುವ ಗಾಡಿಗಳಲ್ಲಿ ಬ್ರೇಕು ಒತ್ತುವ ಕಾಲಿಗೆ ಬಲ ಕೊಡುವುದೂ ಇದೇ ಎಳೆತ. ಪೈಪು ಒಡೆದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಪೆಟ್ರೋಲಿನ ಪಾಕ ತೆಳುವಾಗುತ್ತದೆ. ಅಪ್ಪೆಹುಳಿಗೆ ಯಾರೋ ಒಂದು ಚೊಂಬು ನೀರು ಹೊಯ್ದ ಹಾಗೆ.

ಇಷ್ಟನ್ನು ಹೆಂಡತಿಗೆ ವಿವರಿಸಿದೆ. ಅವಳು ನನ್ನ ಸೊಂಟಕ್ಕೆ ಎಣ್ಣೆ ಕಾಯಿಸುತ್ತಿದ್ದಳು. "ನಿಮ್ಗೆ ವಾತ, ಗಾಡಿಗೆ ನಿರ್ವಾತ. ಈ ಮನ್ಯಂಗೆ ಸಮ ಇಪ್ಪುದ್ ನಾನೊಬ್ಳೆ" ಎಂದಳು.

ಕುಂದಾಪುರದ ಅಂಗಡಿಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಉದ್ದ ಹೇಳಿದರೆ ರಕ್ತದೊತ್ತಡ ಏರುತ್ತದೆ. ಮೊದಲನೆಯವನು ಗಾಡಿಯ ಇಸವಿ ಕೇಳಿ ನಕ್ಕ. ಎರಡನೆಯವನು ಗುಜರಿಗೆ ಎಷ್ಟು ಬರುತ್ತದೆಂದು ಲೆಕ್ಕ ಮಾಡಿ ತೋರಿಸಿದ. ಕೇಳಿದ್ದು ಪೈಪು, ಸಿಕ್ಕಿದ್ದು ಬುದ್ಧಿಮಾತು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ಮರುನೋಂದಣಿ ಮಾಡಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5000ಕ್ಕೆ ಏರಿತ್ತು. ಅಷ್ಟು ತೆತ್ತವನಿಗೆ ಒಂದು ಗೇಣು ರಬ್ಬರು ಕೊಡಲಾಗದೆ? ಮೂರನೆಯವನು ಕೊಟ್ಟದ್ದು ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ಪೈಪು. ಚಂದ ಕಂಡಿತೆಂದು ಹಾಕಿದೆ. ಹೆಮ್ಮಾಡಿ ಸರ್ಕಲ್ಲಿನವರೆಗೆ ಸುಖವಾಗಿ ಹೋಯಿತು. ಅಲ್ಲಿ ಎಂಜಿನಿನ ಬಿಸಿಗೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ, ಬೇಯಿಸಿದ ಶಾವಿಗೆಯಂತೆ ಒಂದಕ್ಕೊಂದು ಅಂಟಿಕೊಂಡಿತು. ಕೊಲ್ಲೂರು ಬಸ್ಸಿನ ಹಾದಿಗೆ ಅಡ್ಡ ನಿಂತೆ. ಆ ಡ್ರೈವರು ಹೇಳಿದ್ದನ್ನು ಬರೆಯುವಂತಿಲ್ಲ.

ಕೊನೆಗೆ ನಾಲ್ಕನೇ ಅಂಗಡಿಯಲ್ಲಿ ನಿಜವಾದ ವ್ಯಾಕ್ಯೂಮ್ ಪೈಪು ಮೀಟರಿನ ಲೆಕ್ಕದಲ್ಲಿ ಸಿಕ್ಕಿತು. ಹುರುಪಿನಿಂದ ಐದು ಮೀಟರು ತಂದೆ. ಬೇಕಾದದ್ದು ಎರಡೂ ಇರಲಿಲ್ಲ.

ಒಂದು ಕಳಚಿ ಒಂದು ಹಾಕುವುದು ಜಾಣರ ದಾರಿ. ನಾನು ಎಂಜಿನಿನ ಐದೂ ವ್ಯಾಕ್ಯೂಮ್ ಪೈಪುಗಳನ್ನು ಒಟ್ಟಿಗೆ ಕಳಚಿದೆ. ಮೊದಲು ಚಿತ್ರ ಬರೆದುಕೊಂಡಿದ್ದೆ ಸ್ವಾಮಿ, ಅಷ್ಟು ಮಡ್ಡನಲ್ಲ. ಗೃಹಪ್ರವೇಶದ ಆಮಂತ್ರಣವೊಂದರ ಹಿಂಬದಿಯಲ್ಲಿ ಬಾಣದ ಗುರುತು ಸಹಿತ ಬರೆದು ಬಚ್ಚಲ ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದೆ. ಸಂಜೆ ಸ್ನಾನಕ್ಕೆ ಹೋದರೆ ಹಂಡೆಯ ನೀರು ಚೆನ್ನಾಗಿ ಕಾದಿತ್ತು. ಒಲೆ ಹತ್ತಿಸಲು ಕಾಗದ ಯಾವುದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಐದು ಪೈಪು, ಐದು ಮೂತಿ. ಜೋಡಿಸುವ ಬಗೆ 120. ಹನ್ನೊಂದನೆಯ ಬಗೆಯಲ್ಲಿ ಕಾರು ಕೆಮ್ಮಿತು. ಹತ್ತೊಂಬತ್ತನೆಯದರಲ್ಲಿ ಸೈಲೆನ್ಸರಿನಿಂದ ಗರ್ನಾಲು ಹೊಡೆದ ಸದ್ದು ಬಂದು ಆಚೆ ಮನೆಯವರು ಮತ್ತೆ ಓಡಿ ಬಂದರು.

ಕಳಚಿದ ಪೈಪುಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು ನೋಡುತ್ತಿದ್ದೆ. ನಾಲ್ಕು ಒಣಗಿ, ಬಗ್ಗಿಸಿದರೆ ಹುರಿದ ಹಪ್ಪಳದಂತೆ ಮುರಿಯುತ್ತಿದ್ದವು. ಐದನೆಯದು, ಡಿಸ್ಟ್ರಿಬ್ಯೂಟರಿನದು, ನಡುವೆ ದಪ್ಪಗಿತ್ತು. ಒರೆಸಿದೆ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ತಾಮ್ರದ ತಂತಿ ಸುತ್ತಿ, ತಂತಿಯ ತುದಿ ಕೈಗೆ ಚುಚ್ಚದಂತೆ ಒಳಕ್ಕೆ ಮಡಚಿತ್ತು. ಅಪ್ಪಯ್ಯನ ಕೈ. ಬಾವಿಯ ಹಗ್ಗ, ಕೊಡೆಯ ಕಡ್ಡಿ, ನನ್ನ ಶಾಲೆಯ ಚೀಲದ ಹಿಡಿ, ಯಾವುದಕ್ಕೆ ತಂತಿ ಸುತ್ತಿದರೂ ತುದಿ ಒಳಗೆ. ಹತ್ತು ರೂಪಾಯಿಯ ಪೈಪಿಗೂ ಜುಗ್ಗತನವೇ ಎಂದು ಅವರನ್ನು ಒಮ್ಮೆ ಎಲ್ಲರೆದುರು ಗದರಿದ್ದೆ. ಯಾವ ಪೈಪಿಗೆ ಎಂಬುದು ಮರೆತಿದೆ. ಅವರು ಏನೂ ಹೇಳದೆ ಅಂಗಳಕ್ಕಿಳಿದು ಹೋಗಿದ್ದು ಮರೆತಿಲ್ಲ. ಆ ಐದನೇ ಪೈಪನ್ನು ಬಾಯಿಗಿಟ್ಟು, ಇನ್ನೊಂದು ತುದಿ ಬೆರಳಿನಿಂದ ಮುಚ್ಚಿ, ಜೋರಾಗಿ ಎಳೆದೆ. ನಾಲಿಗೆ ಅಂಟಿ ಹಿಡಿಯಿತು. ಎಲ್ಲೂ ಗಾಳಿ ಸೋರಲಿಲ್ಲ.

ಹೆಂಡತಿ ಒಳಗಿನಿಂದ ಬಂದವಳು, ಬಾಯಲ್ಲಿ ಪೈಪು ನೇತಾಡಿಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡು ಕೂತ ಗಂಡನನ್ನು ಕಂಡು, ಏನೂ ಕೇಳದೆ ಚಾ ಇಟ್ಟಳು.

ಜನವರಿ ಇಪ್ಪತ್ತಾರರ ಮಧ್ಯಾಹ್ನ ಬಿ ಸೆಕ್ಷನ್ನಿನವನು ಬಾಡಿಗೆ ಇಲ್ಲದ ಹೊತ್ತು ನೋಡಿ ಬಂದು ಏಳು ನಿಮಿಷದಲ್ಲಿ ಐದನ್ನೂ ಜೋಡಿಸಿದ. ನಾಲ್ಕು ಹೊಸತು, ಒಂದು ಹಳತು. "ಇದನ್ನ್ ಬದ್ಲ್ಸುದ್ ಬ್ಯಾಡ್ದಾ ಸರ್?" ಎಂದ. ಬೇಡ ಎಂದೆ. ಅವನು ತಂತಿಯ ಮೇಲೆ ಒಮ್ಮೆ ಬೆರಳಾಡಿಸಿ, "ಯಾರ್ ಕಟ್ಟಿದ್ದೋ, ಲಾಯ್ಕ್ ಕಟ್ಟಿದ್ರ್" ಎಂದ. ಮೂವತ್ತಾರು ಕೊಟ್ಟದ್ದು ಕಡಿಮೆಯಾಯಿತು.

ಈಗ ಕಾರು ಸುಮ್ಮನೆ ಓಡುತ್ತದೆ. ಅಬ್ಬಿ ಮಾತ್ರ ಹಾವು ಇದ್ದದ್ದೇ ಹೌದು, ಹಾಲು ಕಂಡು ಸಮಾಧಾನವಾಗಿ ಹೋಯಿತು ಎನ್ನುತ್ತಾರೆ. ಬನದ ಕಟ್ಟೆಗೆ ನನ್ನ ಕೈಯಲ್ಲೇ ಸುಣ್ಣ ಬಳಿಸಿದ್ದಾರೆ. ಮುಂದಿನ ಚಕ್ರದ ಪಕ್ಕ ದಿನಾ ಬೆಳಗ್ಗೆ ಹಾಲಿನ ಬಟ್ಟಲು ಇರುತ್ತದೆ, ಆಚೆ ಮನೆಯ ಬೆಕ್ಕು ದಪ್ಪಗಾಗಿದೆ.

ಮೂರು ಮೀಟರಿಗಿಂತ ಹೆಚ್ಚು ಪೈಪು ಉಳಿದಿದೆ. ಹಳೆಯ 800 ಇಟ್ಟುಕೊಂಡವರು ಯಾರಾದರೂ ಹೆಮ್ಮಾಡಿ ಮೇಲೆ ಹೋಗುವುದಿದ್ದರೆ ಬನ್ನಿ, ಪುಕ್ಕಟೆ ಕೊಡುತ್ತೇನೆ. ನಿಮ್ಮ ಹಳೆಯ ಪೈಪುಗಳನ್ನು ಮಾತ್ರ ಮನೆಯಲ್ಲೇ ಕಳಚಿಕೊಂಡು ಬರಬೇಡಿ.