ಕುತ್ತಿದ್ದರೇನು, ಬಾಡಿಗೆ ಕಡಿಮೆ

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿ ನಮ್ಮ ಪಕ್ಕದ ಮನೆಯ ವಿಯೆಟ್ನಾಮಿ ಆಂಟಿ ಬಾನ್ ಮೀ ಅಂಗಡಿ ಇಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಬೀದಿಯವರೆಲ್ಲ ಜಾಗ ಹುಡುಕುವುದರಲ್ಲಿ ಪಂಡಿತರಾದರು. ಒಬ್ಬೊಬ್ಬರು ಒಂದೊಂದು ಜಾಗ ತೋರಿಸಿದರು. ಎಲ್ಲಕ್ಕೂ ಇದ್ದ ಲಕ್ಷಣ ಒಂದೇ: ತೋರಿಸಿದವರ ಮನೆಗೆ ಅದು ಹತ್ತಿರ. ನಾನಂತೂ ಲೋಕಹಿತವನ್ನಷ್ಟೇ ಬಯಸುವವನಾದ್ದರಿಂದ ನಾವು ದಿನಸಿ ತರುವ ಇಂಡಿಯನ್ ಸ್ಟೋರಿನ ಪಕ್ಕದ ಮಳಿಗೆಯನ್ನು ಸೂಚಿಸಿದೆ.

ಬಾನ್ ಮೀ ಅಂದರೆ, ಫ್ರೆಂಚರು ವಿಯೆಟ್ನಾಮಿನಲ್ಲಿ ಬಿಟ್ಟುಹೋದ ಉದ್ದನೆಯ ಬ್ರೆಡ್ಡನ್ನು ಸೀಳಿ ಮೇಯನೇಸ್, ಲಿವರ್ ಪಾಟೆ, ಹಂದಿಮಾಂಸ ತುಂಬಿ, ವಿನೆಗರಿನಲ್ಲಿ ನೆನೆದ ಮೂಲಂಗಿ, ಕ್ಯಾರೆಟ್, ಮೇಲಿಷ್ಟು ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಇಟ್ಟ ಸ್ಯಾಂಡ್‌ವಿಚ್. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ನಿರಾಶ್ರಿತರ ಜತೆ ಕ್ಯಾಲಿಫೋರ್ನಿಯಾಕ್ಕೆ ಬಂದು ಇಲ್ಲಿಯದೇ ಆಗಿಹೋಯಿತು. ಪಕ್ಕದ ಸ್ಯಾನ್ ಹೊಸೆಯ ಸ್ಟೋರಿ ರೋಡಿನಲ್ಲಿ ವಿಯೆಟ್ನಾಮಿಗಳದೇ ಪೇಟೆಯಿದೆ. ಆದರೆ ಅಲ್ಲಿ ಪೈಪೋಟಿ ವಿಪರೀತ. ಇಷ್ಟು ಕೊಂಡರೆ ಒಂದು ಬಿಟ್ಟಿ ಎನ್ನುವವರ ನಡುವೆ ಹೊಸಬರು ಬದುಕುವುದು ಕಷ್ಟ. ಹಾಗಾಗಿ ಆಂಟಿಯ ಕಣ್ಣು ಹೊರವಲಯದ ಮೇಲೆ.

ಬ್ರೋಕರ್ ಮಹಾಶಯನದು ಬೇರೆಯೇ ಶಾಸ್ತ್ರ. ಕಾಫಿ-ತಿಂಡಿಯ ಅಂಗಡಿ ಬೆಳಗ್ಗೆ ಆಫೀಸಿಗೆ ಹೋಗುವವರ ಬದಿಗಿರಬೇಕು, ರಾತ್ರಿಯೂಟದ್ದು ಮನೆಗೆ ಮರಳುವವರ ಬದಿಗೆ. ಎಡಕ್ಕೆ ತಿರುಗಲು ಸಿಗ್ನಲ್ ಕಾಯುವಷ್ಟು ಹಸಿವು ಈ ದೇಶದಲ್ಲಿ ಯಾರಿಗೂ ಇಲ್ಲವಂತೆ. ಮೊದಲು ಹೋಟೆಲೇ ಇದ್ದ ಮಳಿಗೆಯಾದರೆ ಹೊಗೆ ಎಳೆಯುವ ಹುಡ್, ಜಿಡ್ಡು ಹಿಡಿಯುವ ತೊಟ್ಟಿ, ಗ್ಯಾಸ್ ಲೈನು ಎಲ್ಲ ಇರುತ್ತವೆ. ಬ್ರೆಡ್ಡಿನ ಗರಿಗರಿ ಕೆಲವೇ ಗಂಟೆಗಳ ವೈಭವವಾದ್ದರಿಂದ ಒಲೆ ಅಂಗಡಿಯಲ್ಲೇ ಬೇಕು. ಬಾಡಿಗೆಯ ಜತೆ ಮಾಲೀಕನ ಆಸ್ತಿ ತೆರಿಗೆ, ವಿಮೆ, ರಿಪೇರಿ ಮೂರನ್ನೂ ಬಾಡಿಗೆದಾರನ ತಲೆಗೇ ಕಟ್ಟುವ 'ಟ್ರಿಪಲ್ ನೆಟ್' ಪದ್ಧತಿಯನ್ನು ಆತ ವಿವರಿಸಿದಾಗ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಬಗ್ಗೆ ನನಗೆ ಮೊದಲ ಬಾರಿಗೆ ಪ್ರೀತಿ ಉಕ್ಕಿತು.

ಆಂಟಿಗೆ ಇದಾವುದೂ ಬೇಕಿರಲಿಲ್ಲ. "ಹತ್ತಿರ ನೇಲ್ ಸಲೂನ್ ಇದೆಯಾ?" ಇದೊಂದೇ ಪ್ರಶ್ನೆ. ಹಿಚ್‌ಕಾಕ್‌ನ 'ದಿ ಬರ್ಡ್ಸ್' ಚಿತ್ರದ ನಟಿ ಟಿಪ್ಪಿ ಹೆಡ್ರೆನ್ 1975ರಲ್ಲಿ ಸ್ಯಾಕ್ರಮೆಂಟೊ ಸಮೀಪದ ಶಿಬಿರಕ್ಕೆ ತನ್ನ ಉಗುರಿನ ಕೆಲಸದವಳನ್ನೇ ಕರೆತಂದು ನಿರಾಶ್ರಿತ ಹೆಂಗಸರಿಗೆ ಆ ಕಸುಬು ಕಲಿಸಿದಳು. ಅಂದಿನಿಂದ ಅದು ಇಲ್ಲಿನ ವಿಯೆಟ್ನಾಮಿಗಳ ಕುಲಕಸುಬೇ ಆಗಿದೆ. ಊಟಕ್ಕೆ ಎದ್ದು ಹೋಗಲು ಪುರುಸೊತ್ತಿಲ್ಲದ ಸಲೂನಿನವರು ಎಲ್ಲರಿಗೂ ಸೇರಿಸಿ ಒಂದೇ ಸಲ ಆರ್ಡರ್ ಮಾಡುತ್ತಾರೆ ಎನ್ನುವುದು ಆಂಟಿಯ ಲೆಕ್ಕ.

ನಾನೂ ಬಿಡಲಿಲ್ಲ. "ಇಂಡಿಯನ್ ಸ್ಟೋರಿಗೆ ಬರುವ ಕನ್ನಡಿಗರೆಲ್ಲ ನಿಮ್ಮ ಗಿರಾಕಿಗಳೇ ಆಂಟಿ."

"ಏನೇನು ತಿಂತೀರಿ?"

"ಹಂದಿ ಬೇಡ. ಪಾಟೆ ಬೇಡ. ಮೇಯನೇಸಲ್ಲಿ ಮೊಟ್ಟೆ, ಅದೂ ಬೇಡ. ಫಿಶ್ ಸಾಸ್ ತಗುಲಿರಬಾರದು. ಬೇರೆ ಚಾಕು ಇದ್ದರೆ ಒಳ್ಳೆಯದು."

"ಅಂದ್ರೆ ಬ್ರೆಡ್ಡಿಗೆ ಮೂಲಂಗಿ."

"ಟೋಫು ಹಾಕಬಹುದು. ಮೆಣಸಿನಕಾಯಿ ಸ್ವಲ್ಪ ಜಾಸ್ತಿ, ಅದಕ್ಕೆ ದುಡ್ಡು ತಗೋಬಾರದು."

ಇಂಥ ಗಿರಾಕಿಗಳನ್ನು ನಂಬಿ ಟ್ರಿಪಲ್ ನೆಟ್ ಕಟ್ಟಲಾಗದು ಎನ್ನುವುದು ಅವರ ಮುಖದಲ್ಲೇ ಕಂಡಿತು. ನನ್ನ ಮಳಿಗೆ ಅಲ್ಲಿಗೆ ಬಿತ್ತು.

ಕೊನೆಗೆ ಸಿಕ್ಕಿದ್ದು ಮೂರು ದಾರಿ ಸೇರುವಲ್ಲಿ, ರಸ್ತೆ ನೇರ ಬಂದು ಬಾಗಿಲಿಗೇ ಗುದ್ದುವಂಥ ಮಳಿಗೆ. ಸಿಗ್ನಲ್ಲಿಗೆ ನಿಂತವರೆಲ್ಲ ಬೋರ್ಡು ಓದಲೇಬೇಕು ಎಂದು ಬ್ರೋಕರ್ ಕುಣಿದ. ನನ್ನ ಹೆಂಡತಿ ಫೋಟೋ ನೋಡಿ, "ಅಯ್ಯೋ, ರಸ್ತೆ ಕುತ್ತು!" ಎಂದಳು. ಆಶ್ಚರ್ಯವೆಂದರೆ ಆಂಟಿಯೂ ಅದನ್ನೇ ಹೇಳಿದರು. ಬಾಗಿಲಿಗೆ ನೇರ ರಸ್ತೆ ಬಂದರೆ ಆಗದು ಎನ್ನುವುದರಲ್ಲಿ ಅವರ ಫೆಂಗ್‌ಶೂಯಿಗೂ ನಮ್ಮ ವಾಸ್ತುವಿಗೂ ಭಿನ್ನಾಭಿಪ್ರಾಯವೇ ಇಲ್ಲ.

ಆದರೆ ಆಂಟಿ ವ್ಯಾಪಾರಸ್ಥೆ. ಮಳಿಗೆ ಬಹಳ ಕಾಲದಿಂದ ಖಾಲಿಯಿದೆ, ಮಾಲೀಕ ಚೀನೀಯ, ಕಾರಣ ಅವನಿಗೂ ಗೊತ್ತು. ಕುತ್ತಿನ ಹೆಸರು ಎತ್ತಿ ಎತ್ತಿ ಬಾಡಿಗೆ ಇಳಿಸಿದರು. ಈಗ ಬಾಗಿಲ ಮೇಲೆ ಅವರ ಎಂಟು ಮೂಲೆಯ ಕನ್ನಡಿ, ಕೆಳಗೆ ನನ್ನ ಹೆಂಡತಿ ಕೊಟ್ಟ ಪುಟ್ಟ ಗಣಪತಿ. ಎರಡು ಮಳಿಗೆ ಆಚೆ ನೇಲ್ ಸಲೂನ್. ನಮ್ಮ ಮನೆಯಿಂದ ಫ್ರೀವೇ ದಾಟಿಯೇ ಹೋಗಬೇಕು, ಅದೂ ಎಡಕ್ಕೆ ತಿರುಗಿ. ವೆಜ್‌ಗೆ ಬೇರೆ ಚಾಕು ಇಟ್ಟಿದ್ದಾರೆ. ಅದರ ಬೆಲೆಯನ್ನೂ ಮಾಲೀಕನ ಬಾಡಿಗೆಯಲ್ಲೇ ಮುರಿದುಕೊಂಡರಂತೆ.