ಲೋಡ್ ಹಾಕಿ, ಸರಿಹೋಯ್ತದೆ

ಗಂಡಸಿ ಹ್ಯಾಂಡ್‌ಪೋಸ್ಟಿನ ರಸ್ತೆ ಹಂಪಿಗೆ ಭೇದಭಾವವಿಲ್ಲ, ಭೇದವೆಲ್ಲ ಗಾಡಿಗಳದ್ದು. ಬೇಲೂರು, ಹಳೇಬೀಡಿಗೆ ಹೊರಟ ಪ್ರವಾಸಿಗರ ಇನ್ನೋವಾ ಅದನ್ನು ಹತ್ತಿಳಿದರೂ ಹಿಂದಿನ ಸೀಟಿನ ಅಜ್ಜಿಯ ನಿದ್ದೆ ಕೆಡುವುದಿಲ್ಲ. ಅದರ ಬೆನ್ನಿಗೇ, ತಿಪಟೂರಿನಲ್ಲಿ ಕೊಬ್ಬರಿ ಇಳಿಸಿ ಖಾಲಿ ವಾಪಸಾಗುವ ಬೊಲೆರೊ ಪಿಕಪ್ಪು ಬರುತ್ತದೆ. ಅದು ಹಂಪು ದಾಟುವುದಿಲ್ಲ, ನೆಗೆಯುತ್ತದೆ. ಹಿಂದೆ ಕೂತ ಹಮಾಲಿ ಅರೆಕ್ಷಣ ಗಾಡಿಗೂ ಭೂಮಿಗೂ ಸಂಬಂಧವಿಲ್ಲದವನಾಗಿರುತ್ತಾನೆ.

"ಏನಣ್ಣ, ಗಾಡಿ ಹಿಂಗ್ ಎಗರ್ತದಲ್ಲ?"

"ಲೋಡ್ ಹಾಕಿ, ಸರಿಹೋಯ್ತದೆ."

ಚಾಲಕನ ಈ ಉತ್ತರ ಜಾರಿಕೆಯಂತೆ ಕೇಳಿದರೂ ಅಪ್ಪಟ ಯಂತ್ರಶಾಸ್ತ್ರ. ಒಂದೂವರೆ ಟನ್ನು ಮೀರಿದ ಭಾರಕ್ಕೆಂದು ಬಿಗಿ ಮಾಡಿದ ಪಟ್ಟಾಗಳು, ಅಂದರೆ ಉಕ್ಕಿನ ಬ್ಲೇಡುಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗುಗಳು, ಒಬ್ಬ ಹಮಾಲಿಯ ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂಟೆಗಳು ಬಿದ್ದಾಗ ಬ್ಲೇಡುಗಳು ಬಾಗಿ, ಒಂದರ ಮೇಲೊಂದು ಉಜ್ಜಿಕೊಂಡು ಕುಲುಕಾಟವನ್ನು ತಾವೇ ನುಂಗುತ್ತವೆ. ಭಾರ ಹೆಚ್ಚಿದರೆ ಹೆಚ್ಚುವರಿ ಹೆಲ್ಪರ್ ಬ್ಲೇಡುಗಳೂ ಹೆಗಲು ಕೊಡುತ್ತವೆ. ಎಂದರೆ ಪಿಕಪ್ಪಿನಲ್ಲಿ ಸುಖಪ್ರಯಾಣದ ಹಕ್ಕು ಇರುವುದು ಕೊಬ್ಬರಿಗೆ.

ಪಟ್ಟಾದ ಇನ್ನೊಂದು ದೊಡ್ಡ ಗುಣ, ಅದು ಭಾರ ಹೊರುವುದರ ಜೊತೆಗೆ ಆಕ್ಸಲನ್ನೂ ಅದರ ಜಾಗದಲ್ಲೇ ಹಿಡಿದಿಡುತ್ತದೆ. ಇನ್ನೋವಾದ ಹಿಂಬದಿಯ ಕಾಯಿಲ್ ಸ್ಪ್ರಿಂಗ್ ಹಾಗಲ್ಲ. ಅದು ಮದುಮಗನ ಹಾಗೆ, ಸುತ್ತ ಹಿಡಿದುಕೊಳ್ಳುವವರು ಬೇಕು. ಕುಗ್ಗಿ ಹಿಗ್ಗುವುದಷ್ಟೇ ಅದರ ಕೆಲಸ. ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಲಿಂಕ್‌ಗಳು, ಅಡ್ಡಡ್ಡ ಜಾರದಂತೆ ಪ್ಯಾನ್‌ಹಾರ್ಡ್ ರಾಡು, ಅವಕ್ಕೆಲ್ಲ ಬುಷ್‌ಗಳು. ಬುಷ್ ಸವೆಯಿತೋ, ಖರ್ಚಿಗೆ ಬಾಗಿಲು ತೆರೆಯಿತು.

ಹಾಗಾದರೆ ಕಾಯಿಲ್ ಹೊಸದು, ಪಟ್ಟಾ ಹಳೆಯದು ಎನ್ನೋಣವೇ? ಬಿಡದಿಯ ಟೊಯೋಟಾ ಕಾರ್ಖಾನೆಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. 2000ದಲ್ಲಿ ಅಲ್ಲಿಂದ ಹೊರಬಂದ ಕ್ವಾಲಿಸ್‌ನ ಹಿಂಬದಿಗೆ ಪಟ್ಟಾಗಳಿದ್ದವು. 2005ರಲ್ಲಿ ಇನ್ನೋವಾ ಬಂದು ಅದೇ ಜಾಗದಲ್ಲಿ ಕಾಯಿಲ್ ಕೂರಿಸಿತು. ಟ್ಯಾಕ್ಸಿ ಹತ್ತಿದವರ ಸೊಂಟಗಳು ಹರಸಿದವು. ಆದರೆ 2022ರಲ್ಲಿ ಅದೇ ಬಿಡದಿಯಿಂದ ಬಂದ ಹೈಲಕ್ಸ್ ಪಿಕಪ್ಪಿನ ಹಿಂದೆ ಮತ್ತೆ ಪಟ್ಟಾಗಳು! ಬೆಲೆ ಲಕ್ಷಗಟ್ಟಲೆ ಏರಿದರೂ ಮೂಟೆಯ ಮುಂದೆ ತತ್ವ ಬದಲಾಗಲಿಲ್ಲ. ನಿಸ್ಸಾನ್ ಕಂಪನಿ ಧೈರ್ಯ ಮಾಡಿ ನವಾರಾ ಪಿಕಪ್ಪಿನ ಹಿಂಬದಿಗೆ ಕಾಯಿಲ್ ಹಾಕಿತು. ಆಸ್ಟ್ರೇಲಿಯಾದಲ್ಲಿ ಲೋಡ್ ಬಿದ್ದೊಡನೆ ಹಿಂಬದಿ ಕುಸಿಯುತ್ತದೆಂಬ ದೂರು ಬಂದು, ಸ್ಪ್ರಿಂಗನ್ನು ಮತ್ತೆ ಮತ್ತೆ ತಿದ್ದಬೇಕಾಯಿತು.

ಪಟ್ಟಾ ತೀರಾ ಸಾಧುವೇನಲ್ಲ. ಓವರ್‌ಲೋಡಿಗೆ ಮೇನ್ ಬ್ಲೇಡ್ ಕಟ್ಟಾಗುತ್ತದೆ, ಸೆಂಟರ್ ಬೋಲ್ಟ್ ಮುರಿಯುತ್ತದೆ. ಆದರೂ ಮುರಿದ ಬ್ಲೇಡ್ ಒಂದನ್ನೇ ಬದಲಿಸಿ, ಯು ಬೋಲ್ಟ್ ಬಿಗಿದು ಗಾಡಿಯನ್ನು ರಸ್ತೆಗೆ ಬಿಡಬಹುದು. ಸಂತೆ ತಪ್ಪಿದರೆ ದುಡ್ಡು ತಪ್ಪುವವನಿಗೆ ಇದು ಸಣ್ಣ ವಿಷಯವಲ್ಲ. ಅಜ್ಜಿಯ ನಿದ್ದೆಯ ಬಗ್ಗೆ ಅವನಿಗೂ ಗೌರವವಿದೆ, ಆದರೆ ಬಾಡಿಗೆ ಕೊಡುವುದು ಅಜ್ಜಿಯಲ್ಲ.

ಕೆಟ್ಟ ಮೇಲೂ ಪಟ್ಟಾಕ್ಕೆ ಬೆಲೆಯಿದೆ. ಅದರ ಗಟ್ಟಿ ಉಕ್ಕನ್ನು ಕಾಯಿಸಿ ಬಡಿದರೆ ಒಳ್ಳೆಯ ಮಚ್ಚಾಗುತ್ತದೆಂದು ಕಮ್ಮಾರರು ಬಲ್ಲರು. ತೆಂಗಿನ ನಾಡಿನಲ್ಲಿ ಮಚ್ಚಿಗೆ ಗಿರಾಕಿ ಹುಡುಕಬೇಕಿಲ್ಲ. ಕಾಯಿಲನ್ನೂ ಬಡಿಯಬಹುದು, ಆದರೆ ಮೊದಲು ಅದರ ಸುರುಳಿ ಬಿಡಿಸಬೇಕು. ಆ ಕೂಲಿ ಬೇರೆ.