ಎಂದೂ ತಪ್ಪದ ಹೊರೈಜನ್ ಅವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮನ್ಮಹಾ ಹೊರೈಜನ್ ತಂತ್ರಾಂಶದವರು,
ಬ್ರಿಟನ್ನಿನ ಸಮಸ್ತ ಅಂಚೆ ಕಚೇರಿಗಳು.

ವಿಷಯ: ಲೆಕ್ಕ ತಾಳೆಯಾಗದಿದ್ದಾಗ ಮನುಷ್ಯರನ್ನು ಜೈಲಿಗೆ ಕಳಿಸಿದ ತಮ್ಮ ಸೇವೆಯನ್ನು ಶ್ಲಾಘಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ವ್ಯಾಪಾರ ನಡೆಸುವವರಿಗೆ ಕಂಪ್ಯೂಟರ್ ವ್ಯವಸ್ಥೆ ಏಕೆ ಬೇಕು ಎಂಬುದಕ್ಕೆ ಮ್ಯಾನೇಜ್‌ಮೆಂಟ್ ಪಠ್ಯಪುಸ್ತಕಗಳು ಎರಡು ಕಾರಣ ಕೊಡುತ್ತವೆ. ದಿನದ ವಹಿವಾಟು ಸುಸೂತ್ರವಾಗಿ ನಡೆಯಬೇಕು, ಮೇಲೆ ಕೂತವರಿಗೆ ತೀರ್ಮಾನ ಮಾಡಲು ಒತ್ತಾಸೆ ಸಿಗಬೇಕು. ತಾವು ಈ ಎರಡನ್ನೂ ಮೀರಿದವರು. ವಹಿವಾಟು ಬರೆದವರೂ ತಾವೇ, ತೀರ್ಪು ಕೊಟ್ಟವರೂ ತಾವೇ. ಮೇಲೆ ಕೂತವರಿಗೆ ಉಳಿದದ್ದು ಸಹಿ ಹಾಕುವ ಕೆಲಸವಷ್ಟೆ. ಇಷ್ಟು ದೊಡ್ಡ ಒತ್ತಾಸೆ ಬೇರೆ ಯಾವ ಕಂಪನಿಗೆ ಸಿಕ್ಕೀತು?

ತಮ್ಮ ಜನ್ಮವೃತ್ತಾಂತ ತಿಳಿಯದವರಿಗಾಗಿ ಒಂದೆರಡು ಮಾತು. 1996ರಲ್ಲಿ ಫುಜಿತ್ಸು ಸಮೂಹಕ್ಕೆ ಸೇರಿದ ಐಸಿಎಲ್ ಕಂಪನಿ ತಮ್ಮನ್ನು ಕಟ್ಟುವ ಗುತ್ತಿಗೆ ಹಿಡಿಯಿತು. ಮೂಲ ಉದ್ದೇಶ ಪಿಂಚಣಿ, ಭತ್ಯೆಗಳನ್ನು ಕಾರ್ಡಿನ ಮೂಲಕ ಹಂಚುವುದು. 1999ರಲ್ಲಿ ಸಾಮಾಜಿಕ ಭದ್ರತಾ ಇಲಾಖೆ ಇದರಿಂದ ಕೈತೊಳೆದುಕೊಂಡಿತು. ಖರ್ಚಾದ ದುಡ್ಡಿಗೆ ಏನಾದರೂ ಲೆಕ್ಕ ತೋರಿಸಬೇಕಲ್ಲ! ತಮ್ಮನ್ನು ಅಂಚೆ ಕಚೇರಿಗಳ ಜಮಾಖರ್ಚು ನೋಡಿಕೊಳ್ಳಲು ಕೂರಿಸಿದರು. ಹಳ್ಳಿಯ ಅಂಗಡಿಯ ಮೂಲೆಯಲ್ಲಿ ಅಂಚೆ ಕೌಂಟರ್ ಇಟ್ಟುಕೊಂಡು, ಕಾಗದದ ಮೇಲೆ ಲೆಕ್ಕ ಬರೆಯುತ್ತಿದ್ದ ಉಪ ಅಂಚೆ ಮಾಸ್ತರರ ಎದುರಿಗೆ ತಾವು ಬಂದದ್ದು ಹೀಗೆ. ಅವರು ಸಂಬಳದ ನೌಕರರಲ್ಲ, ಕರಾರಿನವರು. ಮಾಸ್ತರರ ಅಜಾಗರೂಕತೆಯಿಂದಲೋ ತಪ್ಪಿನಿಂದಲೋ ಬಂದ ಕೊರತೆಯನ್ನು ಅವರೇ ಕೈಯಿಂದ ತುಂಬಿಕೊಡಬೇಕೆಂದು ಕರಾರಿನಲ್ಲಿತ್ತು. ತಪ್ಪು ಯಾರದು ಎಂದು ಹೇಳುವವರು ತಾವು.

ಆಮೇಲೆ ತಾವು ತೋರಿದ ಪವಾಡಗಳಿಗೆ ಲೆಕ್ಕವಿಲ್ಲ. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೊ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಅವರ ಪರದೆಯಲ್ಲಿ 2,000 ಪೌಂಡ್ ಕೊರತೆ ಕಂಡಿತು. ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದಂತೆ ಗುಂಡಿ ಒತ್ತಿದರೆ ಕಣ್ಣೆದುರಿಗೇ ಕೊರತೆ 4,000 ಆಯಿತು. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನದು ಇನ್ನೂ ಸೊಗಸು. 2015ರಲ್ಲಿ ಅಲ್ಲಿ 8,000 ಪೌಂಡ್ ಜಮಾ ಮಾಡುವಾಗ ಪರದೆ ಅಲ್ಲಾಡದೆ ನಿಂತಿತು. ಪರದೆ ನಿಂತರೆ ಲೋಕದ ಯಾರೇ ಆದರೂ ಮಾಡುವುದನ್ನೇ ಅಲ್ಲಿನ ಅಂಚೆಯವರೂ ಮಾಡಿದರು, ಎಂಟರ್ ಒತ್ತಿದರು, ಮತ್ತೆ ಒತ್ತಿದರು. ತಾವು ಅಷ್ಟೂ ಸಲ ಜಮಾ ಬರೆದುಕೊಂಡಿರಿ. ಒಂದು ಸಲ ಬಂದ ಹಣ ನಾಲ್ಕು ಸಲ ಬಂದಂತಾಗಿ, ಇಲ್ಲದ 24,000 ಪೌಂಡಿಗೆ ಲೆಕ್ಕ ಕೊಡಬೇಕಾಗಿ ಬಂತು. ಇಂಥ ವಿಚಾರಕ್ಕೆ ಸಹಾಯವಾಣಿಗೆ ಕರೆ ಮಾಡಿದವರಿಗೆಲ್ಲ ಸಿಗುತ್ತಿದ್ದ ಸಮಾಧಾನ ಒಂದೇ: "ನಿಮ್ಮೊಬ್ಬರಿಗೇ ಹೀಗಾಗಿರೋದು, ಬೇರೆ ಯಾರಿಂದಲೂ ದೂರಿಲ್ಲ." ನೂರಾರು ಜನರಿಗೆ, ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ, ನೀವೊಬ್ಬರೇ ಎಂದು ಹೇಳುವುದಕ್ಕೂ ಒಂದು ಶಿಸ್ತು ಬೇಕು.

ಇಲ್ಲಿ ನಾನು ವಿಶೇಷವಾಗಿ ಮೆಚ್ಚುವುದು ಸಸ್ಪೆನ್ಸ್ ಖಾತೆಯ ಪ್ರಕರಣವನ್ನು. ಮೊದಲು ಲೆಕ್ಕ ಕೂಡದಿದ್ದರೆ ತಕರಾರಿನ ಮೊತ್ತವನ್ನು ಆ ಖಾತೆಗೆ ಹಾಕಿ, ವಿಚಾರಣೆಯಾಗುವ ತನಕ ಕಾಯಬಹುದಿತ್ತು. 2005ರ ಸುಧಾರಣೆಯಲ್ಲಿ ಈ ದಾರಿಯನ್ನು ಮುಚ್ಚಿದರು. ಅಂದಿನಿಂದ ಕೊರತೆಯನ್ನು ಒಪ್ಪಿಕೊಳ್ಳದೆ ಮುಂದಿನ ಅವಧಿಯ ಲೆಕ್ಕ ತೆರೆಯುವಂತಿಲ್ಲ, ಲೆಕ್ಕ ತೆರೆಯದೆ ಕೌಂಟರ್ ನಡೆಸುವಂತಿಲ್ಲ. ಬೆಳಗ್ಗೆ ಪಿಂಚಣಿಗೆ ಬಂದು ನಿಲ್ಲುವ ಮುದುಕರ ಮುಖ ನೆನೆದು ಕೆಲವರು ಕೈಯಿಂದ ಹಣ ಹಾಕಿದರು, ಕೆಲವರು ಮನೆ ಅಡವಿಟ್ಟರು, ಇನ್ನು ಕೆಲವರು ಗಲ್ಲಾಪೆಟ್ಟಿಗೆಯಲ್ಲಿ ಇಲ್ಲದ ಹಣವನ್ನು ಇದೆ ಎಂದು ಬರೆದು ಗುಂಡಿ ಒತ್ತಿದರು. ಒತ್ತಿದ್ದೇ ತಡ, ಅದು ಸುಳ್ಳು ಲೆಕ್ಕ ಬರೆದ ಅಪರಾಧವಾಯಿತು! ಬೇರೆ ಗುಂಡಿಯನ್ನೇ ಇಡದೆ, ಇರುವ ಗುಂಡಿ ಒತ್ತಿದ್ದಕ್ಕೆ ಶಿಕ್ಷೆ ಕೊಡುವ ಜಾಣ್ಮೆ ನಮ್ಮ ಶ್ಯಾನುಭೋಗರಿಗೂ ಹೊಳೆದಿರಲಿಲ್ಲ. ಅವರ ಖಾತೆ ಕಿರ್ದಿಗೆ ಊರೆಲ್ಲ ಹೆದರುತ್ತಿತ್ತು ನಿಜ, ಆದರೂ ಜಮಾಬಂದಿಯ ದಿನ ಮೇಲಧಿಕಾರಿಯ ಎದುರು ನಿಂತು "ಇದು ನನ್ನ ಬಾಕಿಯಲ್ಲ ಸ್ವಾಮಿ" ಎನ್ನುವಷ್ಟು ಅವಕಾಶ ರೈತನಿಗಿತ್ತು.

ಈ ಅಂಚೆ ಕಚೇರಿಗಳನ್ನು ನಡೆಸುವ ಪೋಸ್ಟ್ ಆಫೀಸ್ ಸಂಸ್ಥೆ ತಮ್ಮ ಮೇಲಿಟ್ಟ ಭಕ್ತಿಯೂ ಸಾಮಾನ್ಯದ್ದಲ್ಲ. ದೂರು ಕೊಟ್ಟವರು ಅವರೇ, ತನಿಖೆ ಮಾಡಿದವರು ಅವರೇ, ಮೊಕದ್ದಮೆ ಹೂಡಿದವರೂ ಬಹುಪಾಲು ಅವರೇ. ಎತ್ತು ಈಯಿತು ಎಂದು ತಾವು ಅಂದರೆ ಸಾಕು, ಅವರ ವಕೀಲರು ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಲು ಹಗ್ಗ ಹಿಡಿದು ಓಡುತ್ತಿದ್ದರು. ದೇಶದ ಕಾನೂನೂ ಸಕಾಲದಲ್ಲಿ ನೆರವಿಗೆ ಬಂತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಿದ ಮೇಲಷ್ಟೇ ಅದರ ಮಾಹಿತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕೆಂಬ 1984ರ ನಿಯಮವನ್ನು ತೆಗೆದುಹಾಕಲು ಅಲ್ಲಿನ ಸಂಸತ್ತು ಕಾಯಿದೆ ಮಾಡಿದ್ದು 1999ರಲ್ಲಿ, ತಾವು ಕೌಂಟರುಗಳಿಗೆ ಕಾಲಿಟ್ಟ ವರ್ಷದಲ್ಲೇ. ಅಲ್ಲಿಂದಾಚೆಗೆ ಯಂತ್ರ ಸರಿಯಾಗಿದೆ ಎಂದೇ ನ್ಯಾಯಾಲಯದ ಊಹೆ. ತಪ್ಪಿದೆ ಎಂದು ತೋರಿಸಬೇಕಾದವರು ಆರೋಪಿಗಳು, ತೋರಿಸಲು ಬೇಕಾದ ದಾಖಲೆ ಫುಜಿತ್ಸು ಬೀಗದೊಳಗೆ.

ಅಂಥ ಆರೋಪಿಗಳಲ್ಲಿ ಒಬ್ಬರಾದ, ಭಾರತ ಮೂಲದ ಸೀಮಾ ಮಿಶ್ರಾ ಅವರಿಗೆ 2010ರ ನವೆಂಬರಿನಲ್ಲಿ 15 ತಿಂಗಳ ಸಜೆಯಾಯಿತು. ಆಗ ಅವರು ಬಸುರಿ. ಅಂದು ಅವರ ಮಗನಿಗೆ ಹತ್ತು ವರ್ಷ ತುಂಬಿದ ದಿನ. ಬ್ರಿಡ್ಲಿಂಗ್ಟನ್‌ನ ಲೀ ಕ್ಯಾಸಲ್ಟನ್ ಸುಮಾರು 25,000 ಪೌಂಡಿನ ಕೊರತೆ ತನ್ನದಲ್ಲವೆಂದು ವಕೀಲರಿಲ್ಲದೆ ವಾದಿಸಿ ಸೋತರು. ಕೋರ್ಟು ಖರ್ಚೆಂದು 3,21,000 ಪೌಂಡ್ ಮೈಮೇಲೆ ಬಂದು ದಿವಾಳಿಯಾದರು. 13 ಜನರಾದರೂ ಇದೇ ಕಾರಣಕ್ಕೆ ಪ್ರಾಣ ಕಳೆದುಕೊಂಡಿರಬಹುದೆಂದು ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ಆಯೋಗ 2025ರ ಜುಲೈನಲ್ಲಿ ಬರೆಯಿತು. ಈ ಸಾಲುಗಳಲ್ಲಿ ವ್ಯಂಗ್ಯವಿಲ್ಲ, ಕ್ಷಮಿಸಬೇಕು.

ಇನ್ನು ತೀರ್ಮಾನಕ್ಕೆ ಒತ್ತಾಸೆ ಎಂಬ ಮಾತಿಗೆ ಬರೋಣ. 1999ರಿಂದ 2015ರ ನಡುವೆ ತಮ್ಮ ಲೆಕ್ಕದ ಆಧಾರದ ಮೇಲೆ ಮೊಕದ್ದಮೆ ಎದುರಿಸಿದವರು 900ಕ್ಕೂ ಹೆಚ್ಚು, ಅದರಲ್ಲಿ ಸುಮಾರು 700 ಮೊಕದ್ದಮೆಗಳು ಪೋಸ್ಟ್ ಆಫೀಸೇ ಹೂಡಿದವು. ಹೆಚ್ಚುಕಡಿಮೆ ವಾರಕ್ಕೊಬ್ಬರು. ತಲೆಮಾರುಗಳಿಂದ ಊರಿನ ನಂಬಿಕೆಗೆ ಪಾತ್ರರಾದ ಅಂಗಡಿಕಾರರು, ನಿವೃತ್ತ ಪೊಲೀಸರು, ಚರ್ಚಿನ ಲೆಕ್ಕ ನೋಡುವವರು ಎಲ್ಲರೂ ಹೊಸ ಕಂಪ್ಯೂಟರ್ ಬಂದ ಗಳಿಗೆಯಿಂದ ಕಳ್ಳರಾದದ್ದು ಹೇಗೆ? ಮಾಹಿತಿ ಎಂದರೆ ಇದೇ ಮಾಹಿತಿ. ಅಷ್ಟೊಂದು ವರದಿ, ಕೋಷ್ಟಕ, ಸಭೆಗಳ ನಡುವೆ ಈ ಒಂದು ಏರಿಕೆಯನ್ನು ತೋರಿಸಿ "ಇದೇನಿದು?" ಎಂದು ಮೇಲಿನವರನ್ನು ತಡೆದು ನಿಲ್ಲಿಸುವ ಪರದೆ ಮಾತ್ರ ಇರಲಿಲ್ಲ. ಇದ್ದಿದ್ದರೂ ಅವರು ನೋಡುತ್ತಿದ್ದರೇ ಎಂಬುದು ನನ್ನ ಸಂಶಯ. ಮೇ 2009ರಲ್ಲಿ ಕಂಪ್ಯೂಟರ್ ವೀಕ್ಲಿ ಪತ್ರಿಕೆ ಏಳು ಮಾಸ್ತರರ ಕಥೆಯನ್ನು ಅಚ್ಚು ಹಾಕಿತ್ತು, ಅದನ್ನೂ ನೋಡಲಿಲ್ಲವಲ್ಲ.

ಕೊನೆಗೆ ಮಾಜಿ ಉಪ ಅಂಚೆ ಮಾಸ್ತರ ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ದಾವೆ ಹೂಡಿದರು. ತಾವು ನಂಬಲರ್ಹರಲ್ಲವೆಂದು 2019ರ ಡಿಸೆಂಬರಿನಲ್ಲಿ ತೀರ್ಪಿತ್ತ ನ್ಯಾಯಮೂರ್ತಿಗಳು, ಪೋಸ್ಟ್ ಆಫೀಸಿನ ಹಟವನ್ನು ಭೂಮಿ ಚಪ್ಪಟೆ ಎನ್ನುವವರ ಹಟಕ್ಕೆ ಹೋಲಿಸಿದರು. 5.775 ಕೋಟಿ ಪೌಂಡಿಗೆ ರಾಜಿಯಾಗಿ, ಖರ್ಚು ಕಳೆದು ತಲೆಗೆ ಸುಮಾರು 20,000 ಉಳಿಯಿತು. ಅದೇ 2019ರಲ್ಲಿ ಸಂಸ್ಥೆಯ ಮುಖ್ಯಸ್ಥೆ ಪೌಲಾ ವೆನ್ನೆಲ್ಸ್ ಅವರಿಗೆ ಅಂಚೆ ಸೇವೆಗಾಗಿ ಸಿಬಿಇ ಗೌರವ ಸಂದಿತ್ತು. ಟಿವಿ ಧಾರಾವಾಹಿಯೊಂದು ದೇಶವನ್ನೆಲ್ಲ ಅಲುಗಾಡಿಸಿದ ಮೇಲೆ 2024ರಲ್ಲಿ ಆ ಗೌರವ ರದ್ದಾಯಿತು, ಸಂಸತ್ತು ಕಾಯಿದೆಯನ್ನೇ ತಂದು ಶಿಕ್ಷೆಗಳನ್ನು ಸಾರಾಸಗಟಾಗಿ ಅಳಿಸಿತು. ತಾವು ಮಾತ್ರ 2025ರಲ್ಲೂ ಕೌಂಟರಿನಲ್ಲೇ ಇದ್ದಿರಿ. ಸಜೆಯಿಲ್ಲ, ಅಮಾನತಿಲ್ಲ, ನಿವೃತ್ತಿಯೂ ಇಲ್ಲ.

ಈ ಪತ್ರ ಕನ್ನಡದಲ್ಲಿ ಏಕೆ ಎಂದು ತಾವು ಕೇಳಬಹುದು. ಭಾರತೀಯ ಅಂಚೆಯ ಹೊಸ ತಂತ್ರಾಂಶ 2025ರಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದು ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲಿ. ಮೈಸೂರಿನ ಅಂಚೆ ತಂತ್ರಜ್ಞಾನ ಕೇಂದ್ರ ಇಲಾಖೆಯ ತಂತ್ರಾಂಶಗಳನ್ನು ಬರೆಯುತ್ತಲೇ ಬಂದಿದೆ. ಬೆಂಗಳೂರಂತೂ ಲೋಕದ ಬ್ಯಾಂಕು, ವಿಮೆ, ಅಂಗಡಿಗಳ ಲೆಕ್ಕ ಬರೆಯುವ ಊರು. ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯಕ್ಕೆ ತರುವವರು ಯಂತ್ರದ ಹೊಣೆ ಹೊತ್ತವರಿಂದಲೂ ತಜ್ಞರಿಂದಲೂ ಪ್ರಮಾಣಪತ್ರ ತರಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಹೇಳುತ್ತದೆ. ಕಾನೂನು ಅಷ್ಟು ಮಾಡಬಲ್ಲದು. ಆದರೆ ಕಾನೂನಿನ ಮಾತು ಕೋರ್ಟಿನಲ್ಲಿ, ಮನುಷ್ಯ ಒಬ್ಬಂಟಿಯಾಗುವುದು ಸಂಜೆ ಕೌಂಟರ್ ಮುಚ್ಚುವ ಹೊತ್ತಿನಲ್ಲಿ.

ಇಂತಿ,
ತಮ್ಮ ಲೆಕ್ಕಕ್ಕೆ ಸಿಗದ,
ಒಬ್ಬ ಅಂಚೆ ಗ್ರಾಹಕ

ಪ್ರತಿ: ಬೆಂಗಳೂರು, ಮೈಸೂರುಗಳಲ್ಲಿ ಕೂತು ಪರರ ಜಮಾಖರ್ಚಿಗೆ ಪರದೆ ಬರೆಯುತ್ತಿರುವ ಎಲ್ಲ ಎಂಜಿನಿಯರುಗಳಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ. ತಾವು ಬರೆಯುವ ಪರದೆಯಲ್ಲಿ "ಒಪ್ಪುತ್ತೇನೆ" ಪಕ್ಕದಲ್ಲಿ "ಒಪ್ಪುವುದಿಲ್ಲ" ಎಂಬ ಗುಂಡಿಯನ್ನೂ ದಯವಿಟ್ಟು ಇಡಿ. ಅದನ್ನು ಒತ್ತಿದರೆ ಕೌಂಟರ್ ಮುಚ್ಚಬಾರದು, ಮೇಲೆ ಕೂತ ಒಬ್ಬ ಮನುಷ್ಯನ ಫೋನ್ ಹೊಡೆದುಕೊಳ್ಳಬೇಕು.